ಬೆಳ್ಳಿ ತಂದವರು ಬೆಳ್ಳಿ ತರುವುದನ್ನು ನಿಲ್ಲಿಸಿದ್ದು ಯಾವಾಗ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಯುರೋಪಿಯನ್ನರ ಆಗಮನದ ಪಾಠ ಮುಗಿಸಿದ ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಮೆಣಸು ಕೊಳ್ಳೋಕೆ ಬಂದೋರಿಗೆ ದೇಶ ಹೆಂಗ ಸಿಕ್ತು?" ಎಂದು ಕೇಳಿದ. ನಮ್ಮವರ ಒಳಜಗಳದಿಂದ ಎಂದೆ. ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಮೀರ್ ಜಾಫರನ ದ್ರೋಹವೇ ಕಾರಣ ಎಂದರು, ಇನ್ನೊಬ್ಬರು ಅವರ ಬಂದೂಕು ಎಂದರು, ಮತ್ತೊಬ್ಬರು ಅವರು ಬಂದದ್ದೇ ದೇಶ ಹಿಡಿಯಲು, ವ್ಯಾಪಾರ ಬರೀ ನೆಪ ಎಂದರು. ಮೊಗಲ್ ರಾಜಕುಮಾರಿಯ ಸುಟ್ಟಗಾಯ ವಾಸಿ ಮಾಡಿದ ಇಂಗ್ಲಿಷ್ ವೈದ್ಯನಿಗೆ ಬಂಗಾಳದ ವ್ಯಾಪಾರವನ್ನೇ ಬಹುಮಾನವಾಗಿ ಕೊಟ್ಟರು ಎಂಬ, ಢಾಕಾದ ನೇಕಾರರ ಹೆಬ್ಬೆರಳು ಕತ್ತರಿಸಿದರು ಎಂಬ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇವೆ. ಶಾಲಾ ವಾರ್ಷಿಕೋತ್ಸವಕ್ಕೆ ಇದನ್ನೇ ಅರ್ಧ ಗಂಟೆಯ ನಾಟಕ ಮಾಡಬೇಕೆಂದಿದ್ದೇವೆ. ಯಾವುದನ್ನು ನಂಬಿ ಬರೆಯಲಿ? ಇಂದಿನ ವಿದೇಶಿ ಕಂಪನಿಗಳೂ ಹೀಗೆಯೇ ಎಂದು ಪಾಲಕರು ಕೇಳಿದರೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬೇರು ಆ ಹುಡುಗನ ಪ್ರಶ್ನೆಯಲ್ಲೇ ಇದೆ. ಅದನ್ನು ಸ್ವಲ್ಪ ತಿರುಗಿಸಿ, "ಮೆಣಸು ಕೊಳ್ಳಲು ಬಂದವರು ಅದಕ್ಕೆ ಪ್ರತಿಯಾಗಿ ಏನು ಕೊಟ್ಟರು?" ಎಂದು ಕೇಳಿದರೆ ದಾರಿ ಸಲೀಸಾಗುತ್ತದೆ. ಮೂರು ದಶಕಗಳ ಕಾಲ ಆರ್ಥಿಕ ಇತಿಹಾಸವನ್ನು ಪಾಠ ಮಾಡಿದ ನಾನು ಯುದ್ಧಗಳ ಪಟ್ಟಿಯಿಂದ ಈ ವಿಷಯವನ್ನು ಆರಂಭಿಸುವುದನ್ನು ಬಹಳ ಹಿಂದೆಯೇ ಬಿಟ್ಟೆ. ಯುದ್ಧಗಳ ಪಟ್ಟಿ ಯಾರು ಗೆದ್ದರು ಎಂದು ಹೇಳುತ್ತದೆಯೇ ಹೊರತು ಯುದ್ಧದ ಖರ್ಚನ್ನು ಯಾರು ಕೊಟ್ಟರು ಎಂದು ಹೇಳುವುದಿಲ್ಲ.

ಮೊದಲು ವಾಟ್ಸ್ಆ್ಯಪ್ ಕಥೆಗಳನ್ನು ಮುಗಿಸಿಬಿಡೋಣ. ಷಾಜಹಾನನ ಮಗಳು ಜಹಾನಾರಾ ಬೆಂಕಿಯಿಂದ ಸುಟ್ಟುಕೊಂಡದ್ದು ನಿಜ, ಅದು 1644ರ ಘಟನೆ. ಗೇಬ್ರಿಯಲ್ ಬೌಟನ್ ಎಂಬ ಇಂಗ್ಲಿಷ್ ವೈದ್ಯ ಇದ್ದದ್ದೂ ನಿಜ. ಆದರೆ ಅವನು ಸೂರತ್ತಿನಿಂದ ಆಗ್ರಾಕ್ಕೆ ಹೊರಟದ್ದು ಮರುವರ್ಷ, ಆ ವೇಳೆಗೆ ರಾಜಕುಮಾರಿ ಗುಣಮುಖಳಾಗಿದ್ದಳು. ಬಂಗಾಳದಲ್ಲಿ ಇಂಗ್ಲಿಷರಿಗೆ ಸಿಕ್ಕ ಮೊದಲ ರಿಯಾಯಿತಿಗಳು 1650ರ ದಶಕದವು. ಅವನ್ನು ಕೊಟ್ಟವನು ಅಲ್ಲಿನ ಸುಬೇದಾರನಾಗಿದ್ದ ಷಾ ಷೂಜಾ. ಇದಕ್ಕೆ ಬಹಳ ಹತ್ತಿರದ ಇನ್ನೊಂದು ಕಥೆ ಮಾತ್ರ ದಾಖಲೆಯಲ್ಲಿ ಗಟ್ಟಿಯಾಗಿದೆ. ಜಾನ್ ಸರ್ಮನ್‌ನ ನೇತೃತ್ವದಲ್ಲಿ ದೆಹಲಿಗೆ ಹೋದ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ನಿಯೋಗದ ವೈದ್ಯ ವಿಲಿಯಂ ಹ್ಯಾಮಿಲ್ಟನ್ 1715ರಲ್ಲಿ ಬಾದಷಹ ಫರೂಖ್‌ಸಿಯಾರನ ರೋಗ ವಾಸಿ ಮಾಡಿದ. ಉಡುಗೊರೆಗಳೂ ಸಿಕ್ಕವು. ವ್ಯಾಪಾರದ ಫರ್ಮಾನು, ಅಂದರೆ ಬಾದಷಹನ ಆಜ್ಞಾಪತ್ರ, ಮಾತ್ರ ಒಡನೆಯೇ ಸಿಗಲಿಲ್ಲ. 1717ರವರೆಗೆ ಅವರು ದರಬಾರಿನಲ್ಲಿ ಅಲೆದರು, ಅರ್ಜಿಯ ಮೇಲೆ ಅರ್ಜಿ ಬರೆದರು, ಕಂಡಕಂಡವರ ಕೈ ಬೆಚ್ಚಗೆ ಮಾಡಿದರು. ಕೆಲಸ ಕೈಗೂಡಿದ್ದರಲ್ಲಿ ಮದ್ದಿಗಿಂತ ಸೂರತ್ತಿನ ವ್ಯಾಪಾರ ನಿಂತುಹೋದೀತೆಂಬ ದರಬಾರಿನ ಭಯದ ಪಾಲು ದೊಡ್ಡದು.

ಹೆಬ್ಬೆರಳಿನ ಕಥೆ ಇದಕ್ಕಿಂತ ಗಂಭೀರವಾದದ್ದು. ಕಂಪನಿಯವರು ಸಾಲಾಗಿ ನಿಲ್ಲಿಸಿ ಬೆರಳು ಕತ್ತರಿಸಿದರು ಎನ್ನುವುದಕ್ಕೆ ಆ ಕಾಲದ ಪುರಾವೆ ಇಲ್ಲ. ಇರುವುದು ಬೇರೊಂದು ಮಾತು. ಕಂಪನಿಯ ನೌಕರನಾಗಿದ್ದು, ಮುಂದೆ ಅದರೊಡನೆ ಜಗಳವಾಡಿಕೊಂಡ ವಿಲಿಯಂ ಬೋಲ್ಟ್ಸ್ 1772ರಲ್ಲಿ ಪ್ರಕಟಿಸಿದ ಬರಹದಲ್ಲಿ, ಕಚ್ಚಾ ರೇಷ್ಮೆಯ ನೂಲು ಸುತ್ತುವವರು ಆ ಬಲವಂತದ ದುಡಿಮೆಯಿಂದ ಪಾರಾಗಲು ತಮ್ಮ ಹೆಬ್ಬೆರಳುಗಳನ್ನು ತಾವೇ ಕತ್ತರಿಸಿಕೊಂಡ ನಿದರ್ಶನಗಳಿವೆ ಎಂದು ಹೇಳಿದ್ದಾನೆ. ಅವರು ನೇಕಾರರಲ್ಲ, ರೇಷ್ಮೆ ಸುತ್ತುವವರು. ಕತ್ತರಿಸಿದವರು ಸಿಪಾಯಿಗಳಲ್ಲ, ಅವರೇ. ಬೋಲ್ಟ್ಸ್‌ನಿಗೆ ಕಂಪನಿಯ ಮೇಲೆ ಹಗೆಯಿತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೂ ಹೇಳುತ್ತೇನೆ, ಈ ಮೂಲ ರೂಪ ಚಲಾವಣೆಯಲ್ಲಿರುವ ಕಥೆಗಿಂತ ಭೀಕರವಾದದ್ದು. ಕೈ ಇದ್ದರೆ ದುಡಿಯಲೇಬೇಕು, ದುಡಿದರೆ ನಷ್ಟ, ಕೈ ಇಲ್ಲದಿದ್ದರೆ ಬಿಡುಗಡೆ ಎಂಬ ಲೆಕ್ಕಕ್ಕೆ ಮನುಷ್ಯ ಬಂದು ನಿಲ್ಲುವುದು ಹೇಗೆ ಎಂಬುದನ್ನು ಮುಂದೆ ನೋಡೋಣ.

"ಬಂದದ್ದೇ ದೇಶ ಹಿಡಿಯಲು" ಎನ್ನುವ ನಿಮ್ಮ ಸಹೋದ್ಯೋಗಿಯ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1600ರ ಡಿಸೆಂಬರ್ 31ರಂದು ಎಲಿಜಬೆತ್ ರಾಣಿಯಿಂದ ಸನದು ಪಡೆದ ಲಂಡನ್ನಿನ ವರ್ತಕರ ಕಣ್ಣು ಇದ್ದದ್ದು ಭಾರತದ ಮೇಲಲ್ಲ, ಇಂಡೋನೇಷ್ಯಾದ ಮಸಾಲೆ ದ್ವೀಪಗಳ ಮೇಲೆ. ಜೇಮ್ಸ್ ಲ್ಯಾಂಕಾಸ್ಟರ್ 1601ರಲ್ಲಿ ಹೊರಡಿಸಿದ ಮೊದಲ ಹಡಗುಗಳು ಹೋದದ್ದು ಸುಮಾತ್ರಾ ದ್ವೀಪದ ಅಚೆಹ್ ಎಂಬ ಊರಿಗೆ ಮತ್ತು ಜಾವಾದ ಬಾಂಟಮ್‌ಗೆ. ಅಲ್ಲಿ ಡಚ್ಚರು ಅವರಿಗಿಂತ ಬಲವಾಗಿದ್ದರು. 1623ರಲ್ಲಿ ಆಂಬೋಯ್ನಾದಲ್ಲಿ ಡಚ್ಚರು ಸಂಚಿನ ಆರೋಪ ಹೊರಿಸಿ ಹತ್ತು ಮಂದಿ ಇಂಗ್ಲಿಷರ ತಲೆ ಕಡಿದ ಮೇಲೆ, ಇವರು ಸಿಕ್ಕಿದ್ದೇ ಸಾಕೆಂದು ಭಾರತದ ಕರಾವಳಿಯ ಬಟ್ಟೆಯ ಕಡೆಗೆ ಹೆಚ್ಚೆಚ್ಚು ವಾಲಿದರು. ಜಹಾಂಗೀರನ ದರಬಾರಿನಲ್ಲಿದ್ದ ರಾಯಭಾರಿ ಥಾಮಸ್ ರೋ ತನ್ನ ಕಂಪನಿಗೆ ಬರೆದ ಸಲಹೆ ಎಂದರೆ, ಕೋಟೆ ಕಟ್ಟಬೇಡಿ, ಸೈನ್ಯ ಸಾಕಬೇಡಿ, ಹಾಗೆ ಮಾಡಿದ ಪೋರ್ಚುಗೀಸರು ಬರಿಗೈಯಾಗುತ್ತಿದ್ದಾರೆ, ಲಾಭ ಬೇಕಿದ್ದರೆ ಅದನ್ನು ಸಮುದ್ರದಲ್ಲಿ ಮತ್ತು ಶಾಂತ ವ್ಯಾಪಾರದಲ್ಲಿ ಹುಡುಕಿ ಎಂಬುದು.

ಇನ್ನೊಂದು ಕಡೆ, 1687ರಲ್ಲಿ ಲಂಡನ್ನಿನ ನಿರ್ದೇಶಕರು ಮದ್ರಾಸಿಗೆ ಬರೆದ ಪತ್ರದಲ್ಲಿ ಭಾರತದಲ್ಲಿ ಎಂದೆಂದಿಗೂ ನಿಲ್ಲುವ ಇಂಗ್ಲಿಷ್ ಪ್ರಭುತ್ವಕ್ಕೆ ಬುನಾದಿ ಹಾಕುವ ಮಾತಿದೆ. ಆಗ ಕಂಪನಿಯನ್ನು ನಡೆಸುತ್ತಿದ್ದ ಜೋಸಯಾ ಚೈಲ್ಡ್ ಔರಂಗಜೇಬನ ಮೇಲೆ ಯುದ್ಧವನ್ನೇ ಹೂಡಿದ್ದ. ಫಲ ಏನಾಯಿತು? ಕೋಠಿಗಳು, ಅಂದರೆ ಕಂಪನಿಯ ವ್ಯಾಪಾರದ ಮಳಿಗೆಗಳು, ಮೊಗಲರ ವಶವಾದವು, ಬೊಂಬಾಯಿ ಮುತ್ತಿಗೆಗೆ ಸಿಕ್ಕಿತು, 1690ರಲ್ಲಿ ಕಂಪನಿಯ ದೂತರು ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ಕಟ್ಟಿ ವ್ಯಾಪಾರದ ಹಕ್ಕನ್ನು ಮರಳಿ ಪಡೆದರು. ನಿಮ್ಮ ಸೀಮೆಗೆ ಹತ್ತಿರದ ಉದಾಹರಣೆಯೂ ಇದೆ. 17ನೆಯ ಶತಮಾನದಲ್ಲಿ ಹುಬ್ಬಳ್ಳಿಯ ಸುತ್ತ ನೇಯ್ದ ಬಟ್ಟೆ ಘಟ್ಟ ಇಳಿದು ಕಾರವಾರದ ಇಂಗ್ಲಿಷ್ ಕೋಠಿಯಿಂದ ಹಡಗು ಏರುತ್ತಿತ್ತು. 1665ರಲ್ಲಿ ಶಿವಾಜಿ ಕಾರವಾರದಿಂದ ಹಣ ವಸೂಲು ಮಾಡಿದಾಗ ಆ ಕೋಠಿಯವರು ತಮ್ಮ ಪಾಲಿನ 112 ಪೌಂಡನ್ನು ತೆಪ್ಪಗೆ ಕೊಟ್ಟರು. ಆಸೆ ಇತ್ತು, ಕೈಲಾಗುತ್ತಿರಲಿಲ್ಲ. ಹಾಗಾಗಿ ಸಂಚಿತ್ತೋ ಇಲ್ಲವೋ ಎನ್ನುವುದಕ್ಕಿಂತ, 1690ರಲ್ಲಿ ಆಗದ್ದು, ಬಂಗಾಳದ ಕಂದಾಯವೇ ಕಂಪನಿಯ ಕೈಗೆ ಬಂದ 1765ರಲ್ಲಿ ಹೇಗೆ ಆಯಿತು ಎನ್ನುವುದು ಕೇಳಬೇಕಾದ ಪ್ರಶ್ನೆ.

ಈಗ ಬೆಳ್ಳಿಗೆ ಬರೋಣ. ಇಂಗ್ಲೆಂಡಿನ ಉಣ್ಣೆಯ ಬಟ್ಟೆಯನ್ನು ಸೂರತ್ತಿನ ಬಿಸಿಲಿನಲ್ಲಿ ಯಾರು ಕೊಳ್ಳುತ್ತಾರೆ? ಏಷ್ಯಾದಲ್ಲಿ ಇಂಗ್ಲಿಷರಿಗೆ ಬೇಕಾದದ್ದು ನೂರಾರು ಇತ್ತು, ಇಂಗ್ಲಿಷರಲ್ಲಿ ಏಷ್ಯಾಕ್ಕೆ ಬೇಕಾದದ್ದು ಬಹುಮಟ್ಟಿಗೆ ಒಂದೇ, ಬೆಳ್ಳಿ. ಅದೂ ಅವರ ನೆಲದ್ದಲ್ಲ, ಸ್ಪೇನಿನವರು ಅಮೆರಿಕದ ಗಣಿಗಳಿಂದ ತೆಗೆದದ್ದು. 1757ರ ಪ್ಲಾಸಿ ಕದನಕ್ಕೆ ಹಿಂದಿನ ಸುಮಾರು ನೂರು ವರ್ಷಗಳಲ್ಲಿ ಕಂಪನಿ ಏಷ್ಯಾಕ್ಕೆ ಕಳಿಸಿದ ಸರಕಿನ ಮೌಲ್ಯದಲ್ಲಿ ಮುಕ್ಕಾಲು ಪಾಲು ಬೆಳ್ಳಿ ಬಂಗಾರವೇ ಆಗಿತ್ತು. ಅತ್ತ ಭಾರತದ ಅಚ್ಚು ಹಾಕಿದ ಚೀಟಿಬಟ್ಟೆಗೆ ಮಾರುಹೋದ ಜನರನ್ನು ಕಂಡು ಇಂಗ್ಲೆಂಡಿನ ನೇಕಾರರು ದೊಂಬಿ ಎಬ್ಬಿಸಿದರು. 1700ರಲ್ಲಿ ಒಮ್ಮೆ, 1721ರಲ್ಲಿ ಇನ್ನೂ ಬಿಗಿಯಾಗಿ, ಪಾರ್ಲಿಮೆಂಟು ಆ ಬಟ್ಟೆಯ ಮೇಲೆ ನಿಷೇಧದ ಕಾನೂನು ತಂದಿತು. ಒಂದು ದೇಶ ತನ್ನ ನೇಕಾರರನ್ನು ನಮ್ಮ ನೇಕಾರರಿಂದ ಕಾಪಾಡಿಕೊಳ್ಳಲು ಕಾನೂನು ಮಾಡಬೇಕಾಗಿ ಬಂದಿತ್ತು ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಅಷ್ಟರವರೆಗೆ ನಮ್ಮ ವರ್ತಕರಿಗೂ ದೊರೆಗಳಿಗೂ ಈ ಟೊಪ್ಪಿಗೆಯವರು ಬೆಳ್ಳಿ ತರುವ ಗಿರಾಕಿಗಳಾಗಿದ್ದರು, ಗಿರಾಕಿಯನ್ನು ಯಾರೂ ಶತ್ರುವೆಂದು ಎಣಿಸುವುದಿಲ್ಲ. ಅವರನ್ನು ಒಳಗೆ ಬಿಟ್ಟವರನ್ನು ದಡ್ಡರೆಂದು ಕರೆಯುವ ಮೊದಲು ಇದನ್ನು ನೆನೆಯಬೇಕು.

ಕೆಡುಕು ಹೊಕ್ಕದ್ದು 1717ರ ಆ ಫರ್ಮಾನಿನ ಒಂದು ಸಾಲಿನ ಮೂಲಕ. ವರ್ಷಕ್ಕೆ 3,000 ರೂಪಾಯಿ ಕಟ್ಟಿದರೆ ಬಂಗಾಳದಲ್ಲಿ ಕಂಪನಿಯ ಸರಕಿಗೆ ಸುಂಕವಿಲ್ಲ; ಕಂಪನಿಯ ಅಧಿಕಾರಿ ಸಹಿ ಮಾಡಿದ ದಸ್ತಕ್ ಎಂಬ ರಹದಾರಿ ಚೀಟಿ ತೋರಿಸಿದರೆ ಸರಕು ಮುಂದೆ ಹೋಗಬೇಕು. ಕಾಗದದಲ್ಲಿ ಇದು ಕಂಪನಿಗೆ ಕೊಟ್ಟ ರಿಯಾಯಿತಿ. ಆದರೆ ಕಂಪನಿಯ ಕಿರಿಯ ಕರಣಿಕನ ಸಂಬಳ ಆ ಕಾಲಕ್ಕೆ ವರ್ಷಕ್ಕೆ 5 ಪೌಂಡ್. ಅವನು ಆರು ತಿಂಗಳ ಸಮುದ್ರಯಾನ ಮಾಡಿ, ಬದುಕುಳಿದರೆ ಉಳಿದೇನು ಎಂದು ಬರುತ್ತಿದ್ದದ್ದು ಆ 5 ಪೌಂಡಿಗಲ್ಲ, ತನ್ನ ಸ್ವಂತ ವ್ಯಾಪಾರಕ್ಕೆ. ಕಂಪನಿಯೇ ಅದಕ್ಕೆ ಅನುಮತಿ ಕೊಟ್ಟಿತ್ತು. ಉಪ್ಪು, ಅಡಕೆ, ಹೊಗೆಸೊಪ್ಪು, ತುಪ್ಪ, ಇವೆಲ್ಲ ಬಂಗಾಳದ ಒಳನಾಡಿನ ವ್ಯಾಪಾರ, ಲಂಡನ್ನಿಗೂ ಇದಕ್ಕೂ ಸಂಬಂಧವಿಲ್ಲ. ಕಂಪನಿಯ ಬಟ್ಟೆಗೆಂದು ಕೊಟ್ಟ ದಸ್ತಕ್ಕನ್ನು ಇವರು ತಮ್ಮ ಉಪ್ಪಿನ ದೋಣಿಗೆ ಕಟ್ಟಿದರು, ಪರಿಚಿತ ದೇಶೀ ವರ್ತಕರಿಗೆ ಬಾಡಿಗೆಗೂ ಕೊಟ್ಟರು. ಸುಂಕ ಕಟ್ಟುವ ವರ್ತಕನ ಪಕ್ಕದಲ್ಲೇ ಸುಂಕವಿಲ್ಲದವನು ಅಂಗಡಿ ಇಟ್ಟರೆ ಯಾರ ಅಂಗಡಿ ಮುಚ್ಚುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರ ಬೇಡ.

ಪ್ಲಾಸಿಯ ಕದನ ನಡೆದದ್ದು 1757ರ ಜೂನ್ 23ರಂದು. ಬಂಗಾಳದ ನವಾಬ ಸಿರಾಜುದ್ದೌಲನ ಸೈನ್ಯ 50,000ದ ಆಸುಪಾಸು, ಕಂಪನಿಯ ಸೇನಾನಿ ರಾಬರ್ಟ್ ಕ್ಲೈವ್‌ನದು ಸುಮಾರು 3,000, ಅದರಲ್ಲೂ ಹೆಚ್ಚಿನವರು ದೇಶೀ ಸಿಪಾಯಿಗಳು. ಕದನ ಎನ್ನಲು ಅದು ಚಿಕ್ಕದು. ನಿರ್ಧಾರ ಆಗಿದ್ದದ್ದು ಅದಕ್ಕೂ ಮೊದಲೇ. ಸಂಚಿನ ನಡುವೆ ಇದ್ದವನು ನವಾಬನ ಸೇನಾಪತಿ ಮೀರ್ ಜಾಫರ್ ಒಬ್ಬನೇ ಅಲ್ಲ. ಮುರ್ಷಿದಾಬಾದಿನ ಜಗತ್ ಸೇಠ್ ಮನೆತನ ನವಾಬರ ಕಂದಾಯಕ್ಕೆ, ಟಂಕಸಾಲೆಗೆ, ಕಂಪನಿಯ ಬೆಳ್ಳಿಗೆ ಏಕಕಾಲಕ್ಕೆ ಲೇವಾದೇವಿ ಮಾಡುತ್ತಿದ್ದ ಮನೆ. ಸಿರಾಜುದ್ದೌಲನಿಂದ ಅವಮಾನಿತವಾಗಿ, ಅದು ಅವನನ್ನು ಇಳಿಸಿ ಬೇರೊಬ್ಬನನ್ನು ಕೂರಿಸಲು ಹೊರಟಿತು. ಅವರ ಲೆಕ್ಕದಲ್ಲಿ ಇದು ಗದ್ದುಗೆಯ ಮೇಲಿನವನ ಬದಲಾವಣೆ, ಅದಕ್ಕೆ ಬಾಡಿಗೆಗೆ ಸಿಗುವ ಒಳ್ಳೆಯ ತೋಳ್ಬಲ ಇಂಗ್ಲಿಷರದು. ಆರೇ ವರ್ಷಗಳಲ್ಲಿ ಆ ಮನೆಯ ಹಿರಿಯರು ಕೊಲೆಯಾದರು. ಅವರ ಲೇವಾದೇವಿಯೂ ಮತ್ತೆ ಮೊದಲಿನಂತೆ ತಲೆಯೆತ್ತಲಿಲ್ಲ.

ಈ ಸಂಚಿನಲ್ಲಿ ದಲ್ಲಾಳಿಯಾಗಿದ್ದ ಕಲ್ಕತ್ತೆಯ ವರ್ತಕ ಓಮಿಚಂದ್ ದೊಡ್ಡ ಪಾಲು ಕೇಳಿ, ಕೊಡದಿದ್ದರೆ ಗುಟ್ಟು ಬಯಲು ಮಾಡುವೆನೆಂದು ಹೆದರಿಸಿದಾಗ ಕ್ಲೈವ್ ಎರಡು ಒಪ್ಪಂದ ಬರೆಸಿದ. ಬಿಳಿ ಕಾಗದದ್ದು ನಿಜವಾದದ್ದು, ಅದರಲ್ಲಿ ಓಮಿಚಂದನ ಹೆಸರಿಲ್ಲ. ಕೆಂಪು ಕಾಗದದ್ದು ಅವನಿಗೆ ತೋರಿಸಲು. ನೌಕಾಧಿಪತಿ ವಾಟ್ಸನ್ ಸುಳ್ಳು ಕಾಗದಕ್ಕೆ ಸಹಿ ಹಾಕಲು ಒಪ್ಪದಿದ್ದಾಗ ಅವನ ಸಹಿಯನ್ನು ಬೇರೊಬ್ಬರಿಂದ ಹಾಕಿಸಲಾಯಿತು. ಮುಂದೆ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಕ್ಲೈವ್ ಇದನ್ನು ಮುಚ್ಚಿಡಲಿಲ್ಲ, ಸಮರ್ಥಿಸಿಕೊಂಡ.

ಗೆದ್ದ ಮೇಲೆ ಬಂದ ಬಿಲ್ಲೇ ಮುಖ್ಯ. ಮುರ್ಷಿದಾಬಾದಿನ ಖಜಾನೆಯಿಂದ ಮೊದಲ ಕಂತಿನ ಬೆಳ್ಳಿ ಸುಮಾರು 100 ದೋಣಿಗಳಲ್ಲಿ ನದಿಯ ಹಾದಿಯಾಗಿ ಕಲ್ಕತ್ತೆಗೆ ಹೋಯಿತು. ಕ್ಲೈವ್ ಒಬ್ಬನಿಗೇ 2,34,000 ಪೌಂಡ್ ದಕ್ಕಿತು. ಆದರೆ ಸಿರಾಜನ ಜಾಗದಲ್ಲಿ ನವಾಬನಾದ ಮೀರ್ ಜಾಫರ್ ಒಪ್ಪಿಕೊಂಡಿದ್ದ ಮೊತ್ತ ಖಜಾನೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು. ಉಳಿದ ಬಾಕಿಗಾಗಿ ಜಿಲ್ಲೆಗಳ ಕಂದಾಯವನ್ನೇ ಒತ್ತೆಯಿಡಬೇಕಾಯಿತು. 1760ರಲ್ಲಿ ಅವನನ್ನು ಇಳಿಸಿ ಅಳಿಯ ಮೀರ್ ಕಾಸಿಮನನ್ನು ಕೂರಿಸಿದಾಗ ಬರ್ದ್ವಾನ್, ಮಿದ್ನಾಪುರ, ಚಿತ್ತಗಾಂಗ್ ಜಿಲ್ಲೆಗಳೇ ಕೈಬದಲಾದವು. ಸಾಲ ಕೊಟ್ಟ ಸಾಹುಕಾರ ಬಡ್ಡಿ ಬಾರದಿದ್ದಾಗ ಹೊಲಕ್ಕೆ ಬೇಲಿ ಹಾಕುವ ರೀತಿಯನ್ನು ನಿಮ್ಮ ಮಕ್ಕಳ ಅಜ್ಜಂದಿರು ಬಲ್ಲರು. ಇಲ್ಲಿ ಸಾಹುಕಾರ ಸಾಲವನ್ನೇ ಕೊಟ್ಟಿರಲಿಲ್ಲ, ಕೊಟ್ಟದ್ದು ಗದ್ದುಗೆಯನ್ನು.

ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಪ್ಲಾಸಿಯಲ್ಲ, 1763. ಪಠ್ಯಪುಸ್ತಕಗಳು ಇದನ್ನು ಅರ್ಧ ಸಾಲಿನಲ್ಲಿ ದಾಟಿಬಿಡುತ್ತವೆ. ಮೀರ್ ಕಾಸಿಮ್ ಹುಷಾರಿ. ಇಂಗ್ಲಿಷರ ಗುಮಾಸ್ತರು ಹಳ್ಳಿಗಳಲ್ಲಿ ಬಲವಂತವಾಗಿ ಕಡಿಮೆ ಬೆಲೆಗೆ ಕೊಂಡು ಹೆಚ್ಚಿನ ಬೆಲೆಗೆ ತಲೆಗೆ ಕಟ್ಟುತ್ತಾರೆ, ಸುಂಕ ಕೇಳಿದ ಅಧಿಕಾರಿಯನ್ನು ಹಿಡಿದು ಕಟ್ಟಿಹಾಕುತ್ತಾರೆ ಎಂದು ಅವನು ದೂರುಗಳನ್ನು ಬರೆದ. ಗವರ್ನರ್ ವಾನ್ಸಿಟಾರ್ಟ್ ನ್ಯಾಯ ಒಪ್ಪಿ, ಇಂಗ್ಲಿಷರ ಖಾಸಗಿ ವ್ಯಾಪಾರಕ್ಕೆ ನೂರಕ್ಕೆ 9ರ ಸುಂಕ ಸಾಕೆಂದು ಒಡಂಬಡಿಕೆ ಮಾಡಿಕೊಂಡ. ದೇಶೀ ವರ್ತಕರು ಕಟ್ಟುತ್ತಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಕಲ್ಕತ್ತೆಯ ಕೌನ್ಸಿಲಿನ ಸದಸ್ಯರು, ತಾವೇ ಉಪ್ಪಿನ ವ್ಯಾಪಾರಿಗಳಾಗಿದ್ದವರು, ಅದನ್ನು ತಳ್ಳಿಹಾಕಿದರು. ಉಪ್ಪಿಗೆ ಮಾತ್ರ ಎರಡೂವರೆ ಕೊಡುತ್ತೇವೆ ಎಂದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಸುಂಕದವನೇ ತನ್ನ ಸುಖದುಃಖ ಹೇಳಿಕೊಂಡು ಅಲೆಯಬೇಕಾಯಿತು. ಕೊನೆಗೆ ಮೀರ್ ಕಾಸಿಮ್, ಹಾಗಾದರೆ ಯಾರಿಗೂ ಸುಂಕ ಬೇಡ, ನನ್ನ ಪ್ರಜೆಗಳೂ ನೀವೂ ಸಮಸಮ ಎಂದು ಒಳನಾಡಿನ ಸುಂಕವನ್ನೇ ತೆಗೆದುಹಾಕಿದ. ಮುಕ್ತ ವ್ಯಾಪಾರ ಎಂದರೆ ಇದೇ ಅಲ್ಲವೇ? ಕಂಪನಿಯವರು ಯುದ್ಧಕ್ಕೆ ನಿಂತರು. ಅವರಿಗೆ ಬೇಕಿದ್ದದ್ದು ಸುಂಕವಿಲ್ಲದ ವ್ಯಾಪಾರವಲ್ಲ, ತಮಗೆ ಮಾತ್ರ ಸುಂಕವಿಲ್ಲದ ವ್ಯಾಪಾರ. ಆ ಯುದ್ಧ 1764ರ ಅಕ್ಟೋಬರ್ 22ರಂದು ಬಕ್ಸರಿನಲ್ಲಿ ಮೀರ್ ಕಾಸಿಮ್, ಅವಧದ ನವಾಬ ಮತ್ತು ಬಾದಷಹ ಎರಡನೆಯ ಷಾ ಆಲಂ ಮೂವರ ಸೋಲಿನಲ್ಲಿ ಮುಗಿಯಿತು.

ಮರುವರ್ಷದ ಆಗಸ್ಟ್ 12ರಂದು ಅಲಹಾಬಾದಿನಲ್ಲಿ ಬಾದಷಹ ವರ್ಷಕ್ಕೆ 26 ಲಕ್ಷ ರೂಪಾಯಿಗೆ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು, ಕಂಪನಿಗೆ ಕೊಟ್ಟ. ಅಂದಿನಿಂದ ಬಂಗಾಳಕ್ಕೆ ಬೆಳ್ಳಿ ತರುವ ಅಗತ್ಯ ಉಳಿಯಲಿಲ್ಲ. ರೈತನಿಂದ ಎತ್ತಿದ ಕಂದಾಯದಲ್ಲಿ ಆಡಳಿತದ, ಸೈನ್ಯದ ಖರ್ಚು ಕಳೆದು, ಉಳಿದದ್ದರಲ್ಲಿ ಅದೇ ನಾಡಿನ ಬಟ್ಟೆ, ರೇಷ್ಮೆ ಕೊಂಡು ಲಂಡನ್ನಿಗೆ ಕಳಿಸಿದರು. ಈ ಕೊಳ್ಳುವಿಕೆಗೆ ಅವರ ಲೆಕ್ಕದ ಪುಸ್ತಕದಲ್ಲಿ "ಹೂಡಿಕೆ" ಎಂದು ಹೆಸರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಅದನ್ನು ಅವರು ಸಂಸ್ಥೆಯ ಮಟ್ಟಕ್ಕೆ ಏರಿಸಿದರು. ಹೆಬ್ಬೆರಳಿನ ಮಾತಿಗೆ ಉತ್ತರವೂ ಇಲ್ಲಿದೆ. ಬೆಳ್ಳಿ ಹಿಡಿದು ಬಂದ ಕಾಲದಲ್ಲಿ ಕಂಪನಿ ಡಚ್ಚರೊಡನೆ, ಫ್ರೆಂಚರೊಡನೆ, ಗುಜರಾತಿ ಮತ್ತು ಆರ್ಮೇನಿಯನ್ ವರ್ತಕರೊಡನೆ ಪೈಪೋಟಿ ಮಾಡಿ ಕೊಳ್ಳಬೇಕಿತ್ತು, ಆದ್ದರಿಂದ ನೇಕಾರನಿಗೆ ಬೆಲೆ ಹೇಳುವ ಬಾಯಿ ಇತ್ತು. ಕೊಳ್ಳುವವನೇ ಕಂದಾಯ ವಸೂಲಿಯ ಅಧಿಕಾರಿಯೂ ಆದಾಗ, ಮುಂಗಡವನ್ನು ಬಲವಂತವಾಗಿ ಕೈಗಿಟ್ಟು, ಬೇರೆಯವರಿಗೆ ಮಾರದಂತೆ ಕಾವಲು ಹಾಕಿ, ತನ್ನ ಬೆಲೆಯನ್ನೇ ಬೆಲೆ ಎಂದ.

1769-70ರ ಕ್ಷಾಮದಲ್ಲಿ ಬಂಗಾಳದ ಜನಸಂಖ್ಯೆಯ ಮೂರನೇ ಒಂದು ಪಾಲು ಸತ್ತಿತೆಂದು ಗವರ್ನರ್ ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಅಂದಾಜಿಸಿದ. ಅದೇ ಪತ್ರದಲ್ಲಿ ಕಂದಾಯದ ವಸೂಲಿ ಕುಗ್ಗದಂತೆ ಬಿಗಿಯಾಗಿ ನೋಡಿಕೊಳ್ಳಲಾಯಿತು ಎಂದೂ ಬರೆದ. ಹಾಗಿದ್ದೂ ಅದೇ ವರ್ಷ ಕಂಪನಿ ದಿವಾಳಿಯ ಅಂಚಿಗೆ ಬಂದು ಬ್ರಿಟಿಷ್ ಸರ್ಕಾರದ ಬಾಗಿಲು ತಟ್ಟಿತು. ನಾಡನ್ನು ದೋಚಿದವರು ದಿವಾಳಿಯಾಗುವುದು ಹೇಗೆ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಿದ್ದರು. ದೋಚಿದ್ದು ನೌಕರರ ಜೇಬಿಗೆ ಹೋಯಿತು, ಸೈನ್ಯದ ಖರ್ಚು ಕಂಪನಿಯ ಲೆಕ್ಕಕ್ಕೆ ಬಂತು, ಲಂಡನ್ನಿನಲ್ಲಿ ಷೇರುದಾರರು ಲಾಭಾಂಶ ಏರಿಸಿಕೊಂಡರು. 1773ರ ರೆಗ್ಯುಲೇಟಿಂಗ್ ಕಾಯ್ದೆಯೂ ಕಂಪನಿಯ ಚಹಾವನ್ನು ಅಮೆರಿಕದ ವಸಾಹತುಗಳಿಗೆ ನೂಕಿದ ಚಹಾ ಕಾಯ್ದೆಯೂ ಈ ಗುಂಡಿಯಿಂದ ಎದ್ದವು; ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಬಿದ್ದ ಚಹಾ ಈ ಕಂಪನಿಯದೇ.

ಆ ಚಹಾ ಬರುತ್ತಿದ್ದದ್ದು ಚೀನಾದಿಂದ, ಅಲ್ಲಿ ಮತ್ತೆ ಅದೇ ತೊಡಕು. ಚೀನಾದವರು ಕ್ಯಾಂಟನ್ ಒಂದೇ ಬಂದರಿನಲ್ಲಿ, ಗೊತ್ತುಪಡಿಸಿದ ವರ್ತಕರ ಮೂಲಕ ಮಾತ್ರ ಮಾರುತ್ತಿದ್ದರು, ಕೇಳುತ್ತಿದ್ದದ್ದು ಬೆಳ್ಳಿ. 1784ರಲ್ಲಿ ಬ್ರಿಟನ್ ಚಹಾದ ಮೇಲಿನ ತೆರಿಗೆಯನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿದ ಮೇಲಂತೂ ಚಹಾದ ಬೇಡಿಕೆ ಉಕ್ಕಿತು. ಕಂಪನಿ ಕಂಡುಕೊಂಡ ಉತ್ತರ ಅಫೀಮು. ಬಂಗಾಳ, ಬಿಹಾರಗಳ ಅಫೀಮಿನ ಏಕಸ್ವಾಮ್ಯವನ್ನು ಹೇಸ್ಟಿಂಗ್ಸ್ 1773ರಲ್ಲೇ ಕಂಪನಿಯ ಕೈಗೆ ತಂದಿದ್ದ. ರೈತನಿಗೆ ಮುಂಗಡ ಕೊಟ್ಟು ಗಸಗಸೆ ಬೆಳೆಸುವುದು, ಪಟ್ನಾ ಮತ್ತು ಗಾಜಿಪುರದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟುವುದು, ಕಲ್ಕತ್ತೆಯಲ್ಲಿ ಹರಾಜು ಹಾಕುವುದು, ಇಲ್ಲಿಗೆ ಕಂಪನಿಯ ಕೈ ನಿಲ್ಲುತ್ತಿತ್ತು. ಚೀನಾದಲ್ಲಿ ಅಫೀಮು ನಿಷಿದ್ಧವಾದ್ದರಿಂದ ತನ್ನ ಹಡಗಿನಲ್ಲಿ ಅದು ಒಯ್ಯುತ್ತಿರಲಿಲ್ಲ. ಖಾಸಗಿ ವರ್ತಕರು ಒಯ್ದು, ಕಳ್ಳದಾರಿಯಲ್ಲಿ ಮಾರಿ, ಬಂದ ಬೆಳ್ಳಿಯನ್ನು ಕ್ಯಾಂಟನ್ನಿನ ಕಂಪನಿಯ ಖಜಾನೆಗೆ ಕಟ್ಟಿ, ಬೇರೆಡೆ ಹಣ ಪಡೆಯುವ ಪತ್ರವಾದ ಹುಂಡಿ ಬರೆಸಿಕೊಳ್ಳುತ್ತಿದ್ದರು. ಕಂಪನಿ ಆ ಬೆಳ್ಳಿಯಲ್ಲಿ ಚಹಾ ಕೊಳ್ಳುತ್ತಿತ್ತು. ಕೈಗೆ ಮಸಿ ಹತ್ತದಂತೆ ಕಟ್ಟಿದ ವ್ಯವಸ್ಥೆ. ಬೊಂಬಾಯಿಯ ಜಮ್ಷೆಟ್‌ಜಿ ಜೀಜಿಭಾಯಿಯಂಥ ಭಾರತೀಯ ವರ್ತಕರೂ ಇದರಲ್ಲಿ ಹಣ ಮಾಡಿದರು ಎಂಬುದನ್ನು ಬಿಟ್ಟು ಹೇಳಿದರೆ ಅದು ಇತಿಹಾಸವಾಗುವುದಿಲ್ಲ. 1800ರ ಹೊತ್ತಿಗೆ ವರ್ಷಕ್ಕೆ ಸುಮಾರು 4,000 ಪೆಟ್ಟಿಗೆ ಇದ್ದದ್ದು 1838ರ ವೇಳೆಗೆ ಸುಮಾರು 40,000ಕ್ಕೆ ಏರಿತು. ಬೆಳ್ಳಿ ಈಗ ಚೀನಾದಿಂದ ಹೊರಗೆ ಹರಿಯತೊಡಗಿತು. 1839ರಲ್ಲಿ ಅಧಿಕಾರಿ ಲಿನ್ ಝೆಕ್ಸು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ಹೂಮೆನ್‌ನ ಕಡಲ ಬದಿಯಲ್ಲಿ ಹೊಂಡ ತೋಡಿಸಿ, ಉಪ್ಪುನೀರು ಮತ್ತು ಸುಣ್ಣದಲ್ಲಿ ಕಲಸಿ ಮೂರು ವಾರ ಕಾಲ ಸಮುದ್ರಕ್ಕೆ ಬಿಡಿಸಿದ. ಉತ್ತರವಾಗಿ ಯುದ್ಧ ಬಂತು, 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್, ಐದು ಬಂದರುಗಳು ಮತ್ತು 2 ಕೋಟಿ 10 ಲಕ್ಷ ಡಾಲರ್ ಹೋದವು. ಇಷ್ಟರಲ್ಲಿ ಕಂಪನಿಯ ವ್ಯಾಪಾರದ ಏಕಸ್ವಾಮ್ಯ ಭಾರತದಲ್ಲಿ 1813ರಲ್ಲೂ ಚೀನಾದಲ್ಲಿ 1834ರಲ್ಲೂ ಮುಗಿದಿತ್ತು. ವ್ಯಾಪಾರಿ ಹೋದ, ಅವನು ಕಟ್ಟಿದ ಯಂತ್ರ ನಿಂತಿತು.

ಮಲಯ ಸೀಮೆ ಬೇಗ ಮುಗಿಯುವ ವಿಷಯ. ಚೀನಾದ ಹಾದಿಗೆ ತಂಗುದಾಣ ಬೇಕಿತ್ತು. 1786ರಲ್ಲಿ ಫ್ರಾನ್ಸಿಸ್ ಲೈಟ್ ಪಿನಾಂಗ್ ಪಡೆದಾಗ ಕೆಡಾದ ಸುಲ್ತಾನ ಸಯಾಮಿನ ವಿರುದ್ಧ ರಕ್ಷಣೆ ಸಿಗುತ್ತದೆಂದು ನಂಬಿದ್ದ. ಕಂಪನಿ ದ್ವೀಪ ಇಟ್ಟುಕೊಂಡಿತು, ರಕ್ಷಣೆ ಕೊಡಲಿಲ್ಲ. 1819ರಲ್ಲಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಸಿಂಗಾಪುರದಲ್ಲಿ ವರ್ಷಾಶನ ಕೊಟ್ಟು ಕೋಠಿ ಇಡುವ ಹಕ್ಕು ಪಡೆದ, 1824ಕ್ಕೆ ದ್ವೀಪವೇ ಬರೆಸಿಕೊಂಡದ್ದಾಯಿತು. ಬರ್ಮಾದಲ್ಲಿ 1885ರ ಹೊತ್ತಿಗೂ ವರ್ತಕರ ದೂರೇ ಸೈನ್ಯಕ್ಕೆ ದಾರಿಯಾಯಿತು: ತೇಗದ ಮರದ ಲೆಕ್ಕದಲ್ಲಿ ವಂಚನೆಯೆಂದು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿಗೆ ಮಾಂಡಲೆಯ ಸರ್ಕಾರ ದಂಡ ಹಾಕಿತು, ಆ ವರ್ಷ ಮುಗಿಯುವ ಮೊದಲೇ ಥೀಬಾ ದೊರೆ ರಾಜ್ಯ ಕಳೆದುಕೊಂಡ. ಅವನ ಸೆರೆಯ ದಿನಗಳು ಕಳೆದದ್ದು ನಮ್ಮ ಪಡುವಣ ಕರಾವಳಿಯ ರತ್ನಗಿರಿಯಲ್ಲಿ.

ಈಗ ನಾಟಕಕ್ಕೆ ಬರೋಣ. ನಿಮ್ಮ ಮುಂದೆ ಮೂರು ದಾರಿಗಳಿವೆ, ಮೂರಕ್ಕೂ ತಮ್ಮ ತಮ್ಮ ಅಪಾಯಗಳಿವೆ.

ಮೀರ್ ಜಾಫರನನ್ನು ಖಳನಾಯಕ ಮಾಡುವುದು ಸುಲಭ, ರಂಗಕ್ಕೂ ಒಗ್ಗುತ್ತದೆ. ಅಪಾಯವೆಂದರೆ, ಒಬ್ಬ ದ್ರೋಹಿ ಇಲ್ಲದಿದ್ದರೆ ಎಲ್ಲ ಸರಿ ಇರುತ್ತಿತ್ತು ಎಂದು ಮಕ್ಕಳು ನಂಬಿಬಿಡುತ್ತಾರೆ. ಮುಂದೆ ಅದೇ ಮನಸ್ಸು ಪ್ರತಿ ಸೋಲಿಗೂ ಒಂದು ಜಾತಿಯ, ಒಂದು ಮತದ ದ್ರೋಹಿಯನ್ನು ಹುಡುಕುತ್ತದೆ. ನನ್ನ ತರಗತಿಗಳಲ್ಲಿ ಇದನ್ನು ಕಂಡಿದ್ದೇನೆ, ಒಮ್ಮೆ ಕೂತ ಮೇಲೆ ಅದನ್ನು ಎಬ್ಬಿಸುವುದು ಕಷ್ಟ. ಓಮಿಚಂದ್, ಜಗತ್ ಸೇಠ್, ಮೀರ್ ಜಾಫರ್ ಇವರನ್ನು ಒಟ್ಟಿಗೆ ತಂದರೆ, ಅಂದು ಅವರ ಮನಸ್ಸಿನಲ್ಲಿ "ಭಾರತ" ಎಂಬ ತಕ್ಕಡಿ ಇರಲಿಲ್ಲ, ತಂತಮ್ಮ ಮನೆತನದ ತಕ್ಕಡಿ ಇತ್ತು ಎಂಬುದಾದರೂ ಕಾಣುತ್ತದೆ.

ಬಂದೂಕಿನ ಕಥೆಯಲ್ಲಿ ಸ್ವಲ್ಪ ಸತ್ಯವಿದೆ. ಕವಾಯತು ಕಲಿತ ಪದಾತಿಯ ಗುಂಡಿನ ಸಾಲು ಬಕ್ಸರಿನಲ್ಲಿ ಕೆಲಸ ಮಾಡಿತು. ಆದರೆ ಅದೇ ಕವಾಯತಿನ ಕಂಪನಿ ಪಡೆಯನ್ನು 1779ರಲ್ಲಿ ವಡಗಾಂವ್‌ನಲ್ಲಿ ಮರಾಠರು ಶರಣಾಗಿಸಿದರು, 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಬೇಯ್ಲಿಯ ದಂಡನ್ನು ಪುಡಿ ಮಾಡಿದರು. ಮೈಸೂರಿನ ರಾಕೆಟ್ಟುಗಳು ಇಂಗ್ಲಿಷರಲ್ಲಿರಲಿಲ್ಲ. ಸೋತ ಮೇಲೂ ಮತ್ತೊಂದು ಸೈನ್ಯ ಕಟ್ಟಲು ಮದ್ರಾಸಿಗೂ ಬೊಂಬಾಯಿಗೂ ಬಂಗಾಳದ ಕಂದಾಯ ಹರಿದು ಬರುತ್ತಿತ್ತು, ಬನಾರಸಿನ ಗೋಪಾಲದಾಸ್ ಮನೋಹರದಾಸರಂಥ ಸಾಹುಕಾರರು ಕಂಪನಿಯ ಹುಂಡಿಗೆ ಹಣ ಕೊಡುತ್ತಿದ್ದರು, ಸಿಪಾಯಿಗೆ ಸಂಬಳ ತಪ್ಪುತ್ತಿರಲಿಲ್ಲ. ಟಿಪ್ಪು ಇದನ್ನು ಚೆನ್ನಾಗಿ ಅರಿತಿದ್ದ. ಮೆಣಸು, ಗಂಧ ಕಂಪನಿಗೆ ಸಿಗದಂತೆ ಮಾಡಿ, ಮಸ್ಕತ್ತಿನಲ್ಲಿ ತನ್ನದೇ ಕೋಠಿ ಇಟ್ಟ. ಕತ್ತಿಗಿಂತ ಹೆಚ್ಚಾಗಿ ಈ ಕೋಠಿಯೇ ಅವನನ್ನು ಕಂಪನಿಗೆ ಅಪಾಯಕಾರಿ ಮಾಡಿತು ಎಂಬುದು ನನ್ನ ಅಭಿಪ್ರಾಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ 3 ಕೋಟಿ 30 ಲಕ್ಷ ರೂಪಾಯಿ ದಂಡ ಹೇರಿ ಅರ್ಧ ರಾಜ್ಯ ಕಿತ್ತುಕೊಂಡಾಗ ಕಂಪನಿ ತನ್ನ ಪಾಲಿಗೆ ಮೆಣಸಿನ ಮಲಬಾರನ್ನು ಆರಿಸಿಕೊಂಡಿತು. 1799ರ ಬಳಿಕ ಉಳಿಸಿದ ಮೈಸೂರಿನಿಂದ ಸೈನ್ಯದ ಖರ್ಚೆಂದು ವರ್ಷಕ್ಕೆ 7 ಲಕ್ಷ ವರಹ ಕಟ್ಟಿಸಿಕೊಂಡಿತು. ತನ್ನನ್ನು ಕಾಯಲು ಬಂದ ಪರರ ಸೈನ್ಯಕ್ಕೆ ಸಂಬಳ ಕೊಡುವ ಈ ಏರ್ಪಾಡು ಪ್ಲಾಸಿಯ ಬಿಲ್ಲಿನ ಇನ್ನೊಂದು ರೂಪವಷ್ಟೆ.

ಮೂರನೆಯ ದಾರಿ, ನನಗೆ ಒಪ್ಪಿಗೆಯಾದದ್ದು, ಸುಂಕದಕಟ್ಟೆಯನ್ನೇ ರಂಗದ ನಡುವೆ ಇಡುವುದು. ದೋಣಿಗಳು ಬರುತ್ತವೆ, ಕೆಲವರು ಸುಂಕ ಕಟ್ಟುತ್ತಾರೆ, ಕೆಲವರು ಚೀಟಿ ತೋರಿಸುತ್ತಾರೆ. ದೃಶ್ಯದಿಂದ ದೃಶ್ಯಕ್ಕೆ ಚೀಟಿಯವರು ಹೆಚ್ಚುತ್ತಾರೆ, ಕೊನೆಗೆ ಕಟ್ಟೆಯ ಮೇಲೆ ಕೂತವನೇ ಬದಲಾಗುತ್ತಾನೆ. ಇದರ ಅಪಾಯವೆಂದರೆ ಮಕ್ಕಳಿಗೆ ಬೇಸರವಾಗಬಹುದು, ಅದಕ್ಕಿಂತ ಹೆಚ್ಚಾಗಿ ಎಲ್ಲವೂ ಲೆಕ್ಕದ ಆಟವಾಗಿ ಕ್ಷಾಮದ ಹೆಣಗಳು ಮರೆಯಾಗಬಹುದು. ಆದ್ದರಿಂದ ರೇಷ್ಮೆ ಸುತ್ತುವ ಒಬ್ಬಳನ್ನು ಮೊದಲಿನಿಂದ ಕೊನೆಯವರೆಗೆ ರಂಗದ ಮೂಲೆಯಲ್ಲಿ ಕೂರಿಸಿ. ಕತ್ತರಿಸುವುದನ್ನು ತೋರಿಸಬೇಡಿ.

ಪಾಲಕರ ಪ್ರಶ್ನೆಗೆ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದೋ ಅಲ್ಲಿಯವರೆಗೆ ಎಳೆಯಿರಿ. ಇಂದಿನ ಯಾವ ಕಂಪನಿಗೂ 1661ರ ಸನದಿನಂತೆ ಪರದೇಶದ ದೊರೆಗಳ ಮೇಲೆ ಯುದ್ಧ ಸಾರುವ ಹಕ್ಕಿಲ್ಲ, ಕಂದಾಯ ಎತ್ತುವ ಹಕ್ಕೂ ಇಲ್ಲ, ಆದ್ದರಿಂದ "ಅದೇ ಮತ್ತೆ ಬಂತು" ಎನ್ನುವುದು ತಪ್ಪು ಹೆದರಿಕೆ. ಯಾರಿಗೆ ತೆರಿಗೆ ರಿಯಾಯಿತಿ, ಯಾರಿಗೆ ಇಲ್ಲ, ಒಂದು ಕೆಲಸಕ್ಕೆಂದು ಕೊಟ್ಟ ರಿಯಾಯಿತಿ ಬೇರೆ ಕೆಲಸಕ್ಕೆ ಬಳಕೆಯಾಗುತ್ತಿದೆಯೇ ಎಂದು ಕೇಳುವುದು ಮಾತ್ರ ಹಳೆಯದಾಗಿಲ್ಲ, ಮತ್ತು ಆ ಪ್ರಶ್ನೆ ದೇಶೀ ಕಂಪನಿಗೂ ಸಲ್ಲುತ್ತದೆ.

ಕೆಂಪು ಕಾಗದದ ದೃಶ್ಯವನ್ನು ಮಾತ್ರ ಯಾವ ದಾರಿ ಹಿಡಿದರೂ ಬಿಡಬೇಡಿ. ಮೇಜಿನ ಮೇಲೆ ಎರಡು ಕಾಗದ, ಒಂದು ದೌತಿ ಸಾಕು. ವಾಟ್ಸನ್ನನ ಪಾತ್ರಧಾರಿಗೆ ಸಂಭಾಷಣೆ ಬರೆಯಬೇಡಿ. ಬಿಳಿಯದಕ್ಕೆ ಸಹಿ ಹಾಕಿ, ಕೆಂಪನ್ನು ಪಕ್ಕಕ್ಕೆ ಸರಿಸಿ, ಎದ್ದು ಹೋಗಲಿ. ಅವನು ಬಿಟ್ಟುಹೋದ ಲೇಖನಿಯನ್ನು ಎತ್ತಿಕೊಳ್ಳಲು ನಿಮ್ಮ ತರಗತಿಯಲ್ಲಿ ಅಕ್ಷರ ದುಂಡಾಗಿರುವ ಹುಡುಗನನ್ನು ಆರಿಸಿ.